ಬೆಟ್ಟ ತಂದ ಉದ್ದದ ಆಟಗಾರ

ಮಂಡ್ಯದ ಕಡೆ ಕಬ್ಬಳ್ಳಿ ಅಂತ ಒಂದೂರು. ಆ ಊರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು, ಅವಳಿಗೆ ಬೆಟ್ಟ ಅಂತ ಒಬ್ಬನೇ ಮಗ. ಮಗ ಅಂದ್ರೆ ಮೂವತ್ತು ತುಂಬಿದ ಗಂಡಾಳು. ಭತ್ತದ ಮೂಟೆನ ದಿಂಬು ಎತ್ತಿದ ಹಾಗೆ ಎತ್ತಿಡೋನು. ಮನಸ್ಸಲ್ಲಿ ಒಂಚೂರೂ ಕಪಟ ಇಲ್ಲ. ಕಷ್ಟ ಏನಪ್ಪಾ ಅಂದ್ರೆ, ಹೇಳಿದ್ದನ್ನ ಹೇಳಿದ ಹಾಗೇ ಮಾಡಿಬಿಡೋನು. ಹಾಲು ಉಕ್ಕುತ್ತೆ ನೋಡ್ಕೊಳ್ಳೋ ಅಂದ್ರೆ, ಅದು ಪೂರ್ತಿ ಉಕ್ಕಿ ಒಲೆ ಆರೋವರೆಗೂ ರೆಪ್ಪೆ ಬಡಿಯದೆ ನೋಡ್ಕೊಂಡು ನಿಂತಿರೋನು. ಅವ್ವ ಹಣೆ ಚಚ್ಚಿಕೊಂಡ್ರೆ, "ನೋಡ್ಕೊಂಡ್ನಲ್ಲವ್ವ" ಅನ್ನೋನು.

ಸಣ್ಣತಾಯಮ್ಮನ ಟೀ ಅಂಗಡಿ ಇದ್ದದ್ದು ಊರಿನ ಬಾಸ್ಕೆಟ್‌ಬಾಲ್ ಮೈದಾನದ ಬಾಗಿಲಲ್ಲೇ. ಪಂದ್ಯ ನಡೆಯೋ ತಿಂಗಳಲ್ಲಿ ಜನ ಮೈದಾನದೊಳಗೆ ಇರೋರು. ಪಂದ್ಯ ಇಲ್ಲದ ಬೇಸಿಗೇಲಿ ಅವಳ ಬೆಂಚಿನ ಮೇಲೆ ಕೂತು, ಯಾರನ್ನ ಬಿಡಬೇಕು, ಯಾರನ್ನ ತರಬೇಕು ಅಂತ ಗುದ್ದಾಡೋರು. ಆಟಕ್ಕಿಂತ ಅದೇ ಜೋರು. ಆ ಕಡೆ ರಿಟೈರಾದ ಪಿ.ಟಿ. ಮೇಷ್ಟ್ರು ಜವರೇಗೌಡರು, ಕ್ಲಬ್ಬಿನ ಸೆಕ್ರೆಟರಿ. ಈ ಕಡೆ ಟೈಲರ್ ಮುನಾವರ್ ಸಾಬ್ರು. ಮೇಷ್ಟ್ರು ಉದ್ದದೋನು ಬೇಕು ಅಂದ್ರೆ ಸಾಬ್ರು ಓಡೋನು ಬೇಕು ಅನ್ನೋರು. ಆಯ್ತು, ಓಡೋನೇ ಬರಲಿ ಅಂತ ಮೇಷ್ಟ್ರು ಒಪ್ಪಿಕೊಂಡ ದಿನ, ಎಲ್ಲಾ ಬಿಟ್ಟು ಓಡೋನು ಯಾಕೆ, ಉದ್ದದೋನೇ ಬೇಕು ಅಂತ ಸಾಬ್ರು ತಿರುಗಿ ಬೀಳೋರು. ಟೀ ಮಾತ್ರ ಇಬ್ಬರೂ ಒಂದೇ ಲೋಟದಲ್ಲಿ ಅರ್ಧ ಅರ್ಧ ಕುಡಿಯೋರು.

ಆ ವರ್ಷ ಮಾತ್ರ ಹುಡುಗಾಟ ಇರಲಿಲ್ಲ. ಊರಿನ ಒಬ್ಬನೇ ಉದ್ದದ ಆಟಗಾರ ರೈಲ್ವೆ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೊರಟುಹೋದ. ಮೇ ತಿಂಗಳ ಕೊನೆಯೊಳಗೆ ಆಟಗಾರರ ಪಟ್ಟಿ ಕೊಡಬೇಕು. ಬಾಸ್ಕೆಟ್ ಕೆಳಗೆ ನಿಲ್ಲೋಕೆ ಆಳಿಲ್ಲದಿದ್ರೆ ಕಬ್ಬಳ್ಳಿ ಮೊದಲನೇ ಡಿವಿಷನ್ನಿಂದ ಕೆಳಗೆ ಬೀಳೋದು ಖಂಡಿತ. ಸಣ್ಣತಾಯಮ್ಮನಿಗೆ ಇನ್ನೊಂದು ಆಸೆಯೂ ಇತ್ತು. ನಿನ್ನ ಮಗ ಕ್ಲಬ್ಬಿನ ಒಂದು ಕೆಲಸ ನೆಟ್ಟಗೆ ಮಾಡಿದ್ರೆ ಮೈದಾನದ ವಾಚ್‌ಮನ್ ಮಾಡ್ತೀನಿ ಅಂತ ಮೇಷ್ಟ್ರು ಮಾತು ಕೊಟ್ಟಿದ್ರು. ಇವನ ಪಾಲಿಗೂ ಒಂದು ಕೆಲಸ ಅಂತಿರಲಿ ಅಂತ ಅವಳು ಹಗಲೂ ರಾತ್ರಿ ಬೇಡ್ಕೊಳ್ಳೋಳು.

ಬೆಂಚಿನ ಮೇಲಿರೋ ಮಹನೀಯರು ಮಾತಿಗೆ ಸೈ, ಎದ್ದು ಹೋಗೋಕೆ ಯಾರೂ ಇಲ್ಲ. ಹಂಗಾಗಿ ಬೆಟ್ಟನೇ ಹೋಗಬೇಕಾಯ್ತು. ಚನ್ನಪಟ್ಟಣದ ಒಬ್ಬ ಒಳ್ಳೇ ಆಟಗಾರ ಹನ್ನೊಂದರ ಬಸ್ಸಿಗೆ ಮಾತುಕತೆಗೆ ಬರ್ತಾನೆ, ಬೇರೆ ಊರಿನೋರು ಕಣ್ಣು ಹಾಕೋ ಮೊದಲು ಅವನ್ನ ಎತ್ತಾಕ್ಕೊಂಡು ಬಾ ಅಂತ ಸಾಬ್ರು ಕಳಿಸಿದ್ರು.

ಬೆಟ್ಟ ಹೋದ. ಬಸ್ಸಿನಿಂದ ಇಳಿದೋನ್ನ ನೀನೇನಾ ಆಟಗಾರ ಅಂತ ಕೇಳಿದ. ಹೌದು ಅಂದಿದ್ದೇ ತಡ, ಎತ್ತಿ ಹೆಗಲ ಮೇಲೆ ಹಾಕ್ಕೊಂಡ. ಆ ಹುಡುಗ ಕೈಕಾಲು ಬಡೀತಾ ಇದ್ರೂ ಸಂತೆ ಬೀದಿ ದಾಟಿಸಿ, ತಂದು ಬೆಂಚಿನ ಮೇಲೆ ಕೂರಿಸಿದ. ಅವನು ಟೀನೂ ಮುಟ್ಟಲಿಲ್ಲ. ಬಂದ ಬಸ್ಸು ತಿರುಗಿಸ್ಕೊಂಡು ಹೊರಡೋ ಹೊತ್ತಿಗೆ ಅದರ ಏಣಿಗೇ ನೇತುಬಿದ್ದು ಊರು ಸೇರಿದ.

ಅವ್ವ ತಲೆ ಮೇಲೆ ಕೈ ಹೊತ್ಕೊಂಡ್ಳು. "ಮನುಷ್ಯರನ್ನ ಹಂಗೆಲ್ಲಾ ಎತ್ತಬಾರ್ದು ಕನ್ಲಾ ಮಗ. ಮೊದ್ಲು ಬಾಯಿ ಸಿಹಿ ಮಾಡ್ಬೇಕು, ಆಮೇಲೆ ಮಾತು."

"ಆಯ್ತು ಕನವ್ವ" ಅಂದ ಬೆಟ್ಟ.

ಎರಡು ದಿನ ಆಯ್ತು. ದೂರದಿಂದ ಗುರಿಯಿಟ್ಟು ಚೆಂಡು ಹಾಕೋದ್ರಲ್ಲಿ ಹೆಸರಾದ ಒಬ್ಬ, ಹಳೇ ಕ್ಲಬ್ಬಿನ ಕರಾರು ಮುಗಿದು ಯಾರ ಹಂಗೂ ಇಲ್ಲದೆ ಇದ್ದಾನೆ, ಇವತ್ತು ಇದೇ ಊರಿಗೆ ಬಂದಿದ್ದಾನೆ ಅಂತ ಸುದ್ದಿ ಬಂತು. ಬೆಟ್ಟ ಅಂಗಡಿಯ ಮೈಸೂರ್‌ಪಾಕ್ ನಾಲ್ಕು ತುಂಡು ಜೇಬಿಗೆ ಹಾಕ್ಕೊಂಡು ಹೊರಟ. ಆ ಮನುಷ್ಯ ಸಿಕ್ಕಿದ್ದು ಹಲ್ಲಿನ ಡಾಕ್ಟರ ಮೆಟ್ಟಿಲ ಮೇಲೆ. ದವಡೆ ಹಲ್ಲು ಆಗಷ್ಟೇ ಕಿತ್ತಿಸ್ಕೊಂಡು, ಬಾಯಲ್ಲಿ ಹತ್ತಿ ಕಚ್ಚಿ, ಕೆನ್ನೆ ಹಿಡ್ಕೊಂಡು ಕೂತಿದ್ದ. ಬೆಟ್ಟ ನಮಸ್ಕಾರ ಹಾಕಿ, ಅವನ ಗಲ್ಲ ಹಿಡಿದು, ಹತ್ತಿ ತೆಗೆದು, ಒಂದರ ಹಿಂದೆ ಒಂದು ನಾಲ್ಕೂ ತುಂಡು ತುರುಕಿದ. ಆಮೇಲೆ ಅವ್ವ ಹೇಳಿದ ಹಾಗೆ ಮಾತಿಗೆ ಶುರು ಮಾಡಿದ. ಆ ಕಡೆಯಿಂದ ಮಾತು ಬರಲಿಲ್ಲ, ಚಪ್ಪಲಿ ಬಂತು.

ಈ ಸಲ ಬೈದದ್ದು ಮೇಷ್ಟ್ರು. ನೀನು ಯಾರ ಬಾಯಿಗೂ ಏನೂ ಹಾಕಬೇಡ, ಯಾರ ಹತ್ತಿರಾನೂ ಮಾತಾಡಬೇಡ ಅಂದ್ರು. ಪಟ್ಟಿ ಕೊಡೋಕೆ ಉಳಿದದ್ದು ಒಂದೇ ದಿನ. ಮೇಷ್ಟ್ರೂ ಸಾಬ್ರೂ ಹುಟ್ಟಿದ ಮೇಲೆ ಮೊದಲ ಸಲ ಒಂದು ಮಾತಿಗೆ ಬಂದು, ಪಕ್ಕದ ಅಂಕನಕೆರೆ ಕ್ಲಬ್ಬಿನ ಜೊತೆ ಅದಲುಬದಲು ಗೊತ್ತುಮಾಡಿದ್ರು. ನಮ್ಮ ಓಟದ ಹುಡುಗ ಅವರಿಗೆ, ಅವರ ಉದ್ದದ ಆಳು ನಮಗೆ. ನಮ್ಮೋನು ಬೆಳಗ್ಗೇನೇ ಹೋಗಿ ಸೇರ್ಕೊಂಡಿದ್ದ. ಅವರೋನ್ನ ಕರ್ಕೊಂಡು ಬರೋದಷ್ಟೇ ಬಾಕಿ.

"ನೋಡ್ಲಾ ಬೆಟ್ಟ" ಅಂದ್ರು ಮೇಷ್ಟ್ರು, ಒಂದೊಂದೇ ಮಾತು ಬಿಡಿಸಿ. "ಅಂಕನಕೆರೆ ಮೈದಾನಕ್ಕೆ ಹೋಗು. ಅಲ್ಲಿ ಬಾಸ್ಕೆಟ್ ಕೆಳಗೆ ಎಲ್ಲಾರ್ಗಿಂತ ಉದ್ದಕೆ ನಿಂತಿರ್ತಾನೆ. ಆ ಜಾಗ ಬಿಟ್ಟು ಅಲ್ಲಾಡಾಕಿಲ್ಲ. ಸುಮ್ಮನೆ ತಕ್ಕೊಂಡು ಬಾ."

ಬೆಟ್ಟ ಹೋದಾಗ ಮಟಮಟ ಮಧ್ಯಾಹ್ನ. ಮೈದಾನದಲ್ಲಿ ನರಪಿಳ್ಳೆ ಇಲ್ಲ. ಬಾಸ್ಕೆಟ್ ಕೆಳಗೆ ನೋಡಿದ. ಉದ್ದಕೆ ಒಂದು ಕಬ್ಬಿಣದ ಕಂಬ ನಿಂತಿತ್ತು. ಒಂದು ಗಳಿಗೆ ಕಾದ. ಅಲ್ಲಾಡಲಿಲ್ಲ. ಸರಿ, ಇದೇ ಅಂತ ಗಟ್ಟಿ ಮಾಡ್ಕೊಂಡ. ಕಬ್ಬು ಇಳಿಸಿ ಖಾಲಿ ಬರ್ತಿದ್ದ ಟ್ರ್ಯಾಕ್ಟರಿನೋನ ಹತ್ತಿರ ಸ್ಪ್ಯಾನರ್ ಇಸ್ಕೊಂಡು ಬುಡದ ನಟ್ಟು ಬಿಚ್ಚಿದ. ರಿಪೇರಿಗೆ ಹೋಗ್ತದೆ ಅಂದ್ಕೊಂಡು ಟ್ರ್ಯಾಕ್ಟರಿನೋನೂ ಕೈ ಹಾಕಿದ. ಬೋರ್ಡು, ರಿಂಗು, ಬಲೆ ಸಮೇತ ಕಂಬ ಟ್ರೈಲರ್ ಏರಿ ಕಬ್ಬಳ್ಳಿಗೆ ಬಂತು. ದಾರಿಯುದ್ದಕ್ಕೂ ಬೆಟ್ಟ ಅದಕ್ಕೆ ಬಿಸಿಲು ತಾಕದ ಹಾಗೆ ಟವೆಲ್ ಹಿಡಿದಿದ್ದ.

ಕಂಬ ನೋಡಿ ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಸಾಬ್ರು ಮಾತ್ರ ಟೇಪು ತೆಗೆದು ಅಳೆದು, ಹತ್ತಡಿ ಮೇಲಿದೆ ಮೇಷ್ಟ್ರೇ, ಸಂಬಳಾನೂ ಕೇಳಾಕಿಲ್ಲ ಅಂದ್ರು. ಸಣ್ಣತಾಯಮ್ಮ ಸೆರಗಲ್ಲಿ ಮುಖ ಮುಚ್ಕೊಂಡ್ಳು. ಅಳ್ತಿದ್ಳೋ ನಗ್ತಿದ್ಳೋ ಅವಳಿಗೇ ಗೊತ್ತಾಗಲಿಲ್ಲ.

ಸಂಜೆ ಐದಕ್ಕೆ ಅಂಕನಕೆರೆಯೋರ ಜೀಪು ಬಂತು. ಹಿಂದಿನ ಸೀಟಲ್ಲಿ ಮೂರಾಗಿ ಮಡಚ್ಕೊಂಡು ಕೂತಿದ್ದೋನೇ ಆ ಉದ್ದದ ಆಟಗಾರ, ಧರಣೇಂದ್ರ. ಬೆಳಗ್ಗೆಯಿಂದ ಅಂಕನಕೆರೆ ಬಸ್‌ಸ್ಟ್ಯಾಂಡಲ್ಲಿ ಬ್ಯಾಗು ಹಿಡ್ಕೊಂಡು ಇವರಿಗಾಗಿ ಕಾದಿದ್ನಂತೆ. ಕೊಡ್ತೀವಿ ಅಂದದ್ದು ಇವನ್ನ, ನಮ್ಮ ಕಂಬ ನಮಗೆ ಕೊಡಿ ಅಂತ ಅವನ್ನ ಇಳಿಸಿ, ಟ್ರ್ಯಾಕ್ಟರ್ ಹಿಂದಕ್ಕೆ ತಿರುಗಿಸ್ಕೊಂಡು ಹೋದ್ರು. ಅಂಗಡಿಯ ಬಿಸ್ಕತ್ ಡಬ್ಬದ ಮೇಲೇ ಕಾಗದ ಇಟ್ಟು ಧರಣೇಂದ್ರ ಸಹಿ ಹಾಕಿದ. ಪಟ್ಟಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ಹೆಂಗೋ ಆಳು ಬಂದನಲ್ಲ ಅಂತ ಮೇಷ್ಟ್ರು ಮೈದಾನದ ಬೀಗದ ಕೈ ಬೆಟ್ಟನ ಅಂಗೈಗಿಟ್ರು. ಅವ್ವ ಆ ದಿನ ಎಲ್ಲರಿಗೂ ಟೀಗೆ ಸಕ್ಕರೆ ಜಾಸ್ತಿ ಹಾಕಿದ್ಳು.

ಚಿಂತೆ ಒಂದೇ ಉಳೀತು. ಈ ಧರಣೇಂದ್ರ ಮೂರು ವರ್ಷದಲ್ಲಿ ನಾಲ್ಕು ಕ್ಲಬ್ ಬಿಟ್ಟೋನು. ಮೇಷ್ಟ್ರು ಮನೆಗೆ ಹೊರಡುವಾಗ ಬೆಟ್ಟನ ಭುಜ ತಟ್ಟಿ ಅಂದ್ರು: "ಇವನು ನಮ್ಮೂರಲ್ಲೇ ಬೇರೂರಬೇಕು ಕನ್ಲಾ. ಅದು ನಿನ್ನ ಜವಾಬ್ದಾರಿ."

ಮಾರನೇ ಬೆಳಗ್ಗೆ ಸಣ್ಣತಾಯಮ್ಮ ಅಂಗಡಿ ಬಾಗಿಲು ತೆಗೆದು ನೋಡ್ತಾಳೆ, ನುಗ್ಗೆ ಮರದ ಪಕ್ಕ ಹೊಸ ಗುಂಡಿ. ಗುಂಡೀಲಿ ಮೊಣಕಾಲಿನವರೆಗೂ ಮಣ್ಣಲ್ಲಿ ಹೂತ್ಕೊಂಡು ಧರಣೇಂದ್ರ ನಿಂತಿದ್ದಾನೆ. ಬುಡಕ್ಕೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಸುತ್ತ ಪಾತಿ. ಬೆಟ್ಟ ಬಿಂದಿಗೆ ಹಿಡ್ಕೊಂಡು ನೀರು ಹಾಕ್ತಿದ್ದಾನೆ. ಅವಳು, ಬಂದೋನು ಇನ್ನು ನಿಲ್ಲಾಕಿಲ್ಲ, ಬೀಗದ ಕೈಯೂ ಹೋಯ್ತು ಅಂದ್ಕೊಂಡು ಓಡಿ, ಧರಣೇಂದ್ರನ ಮುಂದೆ ಕೈ ಮುಗಿದಳು. ನೀನಾದ್ರೂ ಯಾಕಪ್ಪಾ ಸುಮ್ಮನೆ ನಿಂತೆ ಅಂತ ಕೇಳಿದ್ಳು.

"ನಾಲ್ಕು ಕ್ಲಬ್ಬಲ್ಲಿ ಆಡಿದೀನಿ ಅಮ್ಮ" ಅಂದ ಧರಣೇಂದ್ರ. "ಎಲ್ಲಾ ಕಡೆನೂ ಸಹಿ ಹಾಕಿಸ್ಕೊಂಡ್ರು. ಇಲ್ಲೇ ಇರು ಅಂತ ಇಷ್ಟು ಮನಸ್ಸಿಟ್ಟು ಯಾರೂ ಕೇಳಲಿಲ್ಲ. ಮಣ್ಣೂ ತಣ್ಣಗಿದೆ, ಮಂಡಿ ನೋವಿಗೆ ಹಿತವಾಗಿದೆ. ನಾನೆಲ್ಲಿಗೂ ಹೋಗಲ್ಲ, ಒಂದು ಟೀ ಕೊಡಿ."

ಸಣ್ಣತಾಯಮ್ಮನ ಹೋದ ಜೀವ ಬಂತು. ಕಣ್ಣು ಒರೆಸ್ಕೊಂಡು ಮಗನ ಕಡೆ ತಿರುಗಿ, ಇರ್ತೀನಿ ಅಂತ ಬಾಯಿಬಿಟ್ಟು ಹೇಳಿದ್ನಲ್ಲ, ಇನ್ನು ಸಾಕು, ಮೇಲಕ್ಕೆ ಎತ್ತು ಅಂದ್ಳು.

ಬೆಟ್ಟ ಬಗ್ಗಿ ಧರಣೇಂದ್ರನ ಮೊಣಕೈ, ಭುಜ, ಕಿವಿ ಸಂದಿ ಎಲ್ಲಾ ಹುಡುಕಿ ನೋಡಿದ. ಆಮೇಲೆ ಇನ್ನೊಂದು ಬಿಂದಿಗೆ ಎತ್ಕೊಂಡ.

"ಈಗ್ಲೇ ಕೀಳ್ಬಾರ್ದು ಕನವ್ವ. ಇನ್ನೂ ಚಿಗುರಿಲ್ಲ."