ಗಂಟು ಹಾಕದ ಹೊಲಿಗೆ

ಏಳು ಕಡಲು ದಾಟಿದರೆ ಜಪಾನು ಅಂತ ಒಂದು ಸೀಮೆ ಇದೆಯಂತೆ. ನಾನು ನೋಡಿಲ್ಲ, ನನಗೆ ಹೇಳಿದವರೂ ನೋಡಿಲ್ಲ. ಅಲ್ಲೊಂದು ಊರಲ್ಲಿ ಕಿನು ಅಂತ ಒಬ್ಬ ಹೆಂಗಸು, ಮೊಕಿಚಿ ಅಂತ ಅವಳ ಗಂಡ ಇದ್ದರಂತೆ.

ಆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಎಲ್ಲರಿಗೂ ಯುಕಾತಾ ಬೇಕು. ತೆಳು ಹತ್ತಿಯ ನಿಲುವಂಗಿ ಅದು. ಸ್ನಾನ ಮಾಡಿ ಬಂದು ಮೈಗೆ ಸುತ್ತಿಕೊಂಡು ಸೊಂಟಕ್ಕೆ ಪಟ್ಟಿ ಕಟ್ಟಿದರೆ ಆಯಿತು, ಗುಂಡಿ ಇಲ್ಲ, ಕಸೆ ಇಲ್ಲ. ಇಪ್ಪತ್ತೈದು ಮೊಳ ಬಟ್ಟೆಯನ್ನು ನೆಟ್ಟಗೆ ಎಂಟು ತುಂಡು ಮಾಡಿ ಮನೆಯ ಹೆಂಗಸರೇ ಕೈಯಲ್ಲಿ ಹೊಲಿಯುತ್ತಾರಂತೆ. ಕಟ್ಟಳೆ ಎರಡೇ. ಉಡುವಾಗ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಹೊಲಿಯುವಾಗ ದಾರಕ್ಕೆ ಗಂಟು ಹಾಕಬೇಕು. ಗಂಟಿಲ್ಲದ ಹೊಲಿಗೆ ಹೆಣದ ಬಟ್ಟೆಗೆ ಮಾತ್ರ.

ಕಿನು ಒಂದು ದಿನವೂ ಗಂಟು ಮರೆತವಳಲ್ಲ. ಮೊಕಿಚಿ ಮಾತ್ರ ನಲವತ್ತು ವರ್ಷದಿಂದ ಬಲ ಅಂಚನ್ನೇ ಮೇಲೆ ತಂದು ಕಟ್ಟುತ್ತಿದ್ದ. ದಿನಾ ಇವಳು ಬೈಯುವುದು, ದಿನಾ ಅವನು ಸರಿ ಮಾಡಿಕೊಳ್ಳುವುದು, ಮರುದಿನ ಮತ್ತೆ ಅದೇ. ನಾಯಿ ಬಾಲ ಯಾವ ಸೀಮೆಯಲ್ಲಿದ್ದರೂ ಡೊಂಕೇ.

ಒಂದು ಸಂಜೆ ಮೊಕಿಚಿ ಬಚ್ಚಲಲ್ಲಿದ್ದ. ಕಿನು ಜಗಲಿಯಲ್ಲಿ ಕೂತು ಅವನ ಹೊಸ ಯುಕಾತಾಗೆ ಎಡದ ತೋಳು ಹೊಲಿಯುತ್ತಿದ್ದಳು. ಆಗ ಒಬ್ಬ ಬಂದನಂತೆ. ನಮ್ಮಲ್ಲಿ ಯಮದೂತ ಅನ್ನುತ್ತೇವಲ್ಲ, ಅಂಥವನು. ಮೊಕಿಚಿಯ ಹೆಸರು ಹೇಳಿ, ಜೀವ ಒಯ್ಯಲು ಬಂದಿದ್ದೇನೆ ಅಂದ.

ಎಷ್ಟು ಬೈದರೂ ಕಿನುವಿಗೆ ಅವನೇ ಬೇಕು. ಆದರೆ ಸೂಜಿ ನಿಲ್ಲಿಸಲಿಲ್ಲ.

"ಬರಿಮೈಯಲ್ಲಿ ಹೇಗೆ ಕಳಿಸಲಿ ಅಯ್ಯಾ? ಒಂದು ತೋಳು ಉಳಿದಿದೆ, ಮುಗಿಸಿಕೊಡ್ತೀನಿ."

ದೂತನಿಗೂ ಸೆಕೆ. ಆಗಲಿ ಅಂತ ಕೂತ. ಕಿನು ತೋಳು ಹೊಲಿದು ಮುಗಿಸಿದಳು. ಶುರುವಿನಲ್ಲಿ ಹಾಕಿದ್ದ ಗಂಟನ್ನು ಮೆಲ್ಲಗೆ ಕತ್ತರಿಸಿದಳು, ಕೊನೆಗೆ ಗಂಟು ಹಾಕಲೇ ಇಲ್ಲ. ಬಚ್ಚಲ ಬಾಗಿಲ ಸಂದಿಯಿಂದ ಬಟ್ಟೆ ಕೊಟ್ಟಳು.

ಮೊಕಿಚಿ ಹೊರಗೆ ಬಂದ. ದೂತ ಅವನ ಕಣ್ಣಿಗೆ ಬೀಳಲಿಲ್ಲ. ಎಂದಿನಂತೆ ಬಲ ಅಂಚು ಮೇಲೆ. ಕಿನುವಿನ ಬಾಯಿ ತಾನಾಗಿ ತೆರೆಯಿತು, ನಲವತ್ತು ವರ್ಷದ ಅಭ್ಯಾಸ ನೋಡಿ. ತನ್ನ ತೋಳಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಅವಳ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲವಂತೆ.

ದೂತ ಮೊಕಿಚಿಯನ್ನು ಒಂದು ಸುತ್ತು ಸುತ್ತಿ ನೋಡಿದ. ಬಲ ಅಂಚು ಮೇಲೆ. ತೋಳಿನ ದಾರ ಮುಟ್ಟಿ ನೋಡಿದ. ಗಂಟಿಲ್ಲ.

"ಇವನದು ಆಗಲೇ ಮುಗಿದಿದೆ ತಾಯಿ, ಬೇರೆ ಯಾರೋ ಬಂದು ಜೀವ ಒಯ್ದಾಗಿದೆ. ನಮ್ಮಲ್ಲಿ ಹೀಗೇ, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಲ್ಲ."

ಅಂದವನೇ ಹೊರಟುಹೋದ. ಅವನು ಬೇಲಿ ದಾಟಿದ್ದೇ ತಡ, ಯುಕಾತಾದ ಎಡದ ತೋಳು ಕಳಚಿ ಕೆಳಗೆ ಬಿತ್ತು.

"ಏನು ಹೊಲಿಗೆಯೇ ಇದು? ಕಣ್ಣು ಎಲ್ಲಿಟ್ಟಿದ್ದೆ?" ಅಂದ ಮೊಕಿಚಿ. ನಲವತ್ತು ವರ್ಷಕ್ಕೆ ಸಿಕ್ಕ ಅವಕಾಶ, ಚೆನ್ನಾಗಿಯೇ ಬೈದ. ಕಿನು ಕಣ್ಣೀರು ಸುರಿಸುತ್ತ ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ತೋಳನ್ನು ಮತ್ತೆ ಹೊಲಿದು, ಗಂಟಿನ ಮೇಲೆ ಗಂಟು ಹಾಕಿದಳು. ಬಲ ಅಂಚಿನ ಬಗ್ಗೆ ಮಾತ್ರ ಸಾಯುವ ತನಕ ಒಂದು ಮಾತೂ ಆಡಲಿಲ್ಲವಂತೆ.

ಅವಳ ದಾರದ ತುದಿಗೆ ಗಂಟು ಬಿತ್ತು, ನಮ್ಮ ಕಥೆಯ ತುದಿಗೂ ಬಿತ್ತು.