ಮೂರು ಚುಕ್ಕಿಗಳ ಪಿಸ್ತೂಲು

ಶಿಷ್ಯ ಕೇಳಿದ: "ಗುರುಗಳೇ, ಮೂರು ಸಾಕ್ಷಿಗಳು ಒಂದೇ ಸಾಲಿಗೆ ಬಂದು ನಿಂತ ಮೇಲೆ ಇನ್ನು ನೋಡುವುದೇನಿದೆ?"

ಮಠದ ಉಗ್ರಾಣ ಅವನ ಜವಾಬ್ದಾರಿಯಲ್ಲಿತ್ತು. ಅಲ್ಲಿಂದ ತುಪ್ಪದ ಡಬ್ಬವೊಂದು ಕಾಣೆಯಾಗಿತ್ತು. ಉಗ್ರಾಣದ ಕೀಲಿ ಇದ್ದದ್ದು ಅಡುಗೆಯವನ ಬಳಿ. ಹಿಂದಿನ ದಿನ ಆತ ಬಗಲಲ್ಲಿ ಗಂಟೊಂದನ್ನು ಹಿಡಿದು ಹಿತ್ತಲ ಬಾಗಿಲಿಂದ ಹೋದದ್ದನ್ನು ಕಂಡವರಿದ್ದರು. ಇಪ್ಪತ್ತು ವರ್ಷ ದಾಸೋಹದ ಒಲೆಯ ಮುಂದೆ ಬೆಂದವನು ಆತ. ಅವನನ್ನು ಅಂದೇ ಸಂಜೆ ಕೆಲಸದಿಂದ ತೆಗೆದುಹಾಕುವ ಕಾಗದ ಶಿಷ್ಯನ ಕೈಯಲ್ಲಿ ಸಿದ್ಧವಾಗಿತ್ತು. ಗುರುಗಳ ಸಹಿಯೊಂದು ಬಾಕಿಯಿತ್ತು.

ಗುರುಗಳು ಕಾಗದ ತೆಗೆದುಕೊಂಡು ಪಕ್ಕಕ್ಕಿಟ್ಟರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಿನ್ನದ ವ್ಯಾಪಾರಿ ಇದ್ದ. ಊರಲ್ಲೊಂದು ಅಂಗಡಿಯಿಟ್ಟುಕೊಂಡು, ಆಗಾಗ ಒಡವೆಗಳ ಪೆಟ್ಟಿಗೆ ಹಿಡಿದು ಊರಿಂದೂರಿಗೆ ಓಡಾಡುವುದು ಅವನ ಕಸುಬು. ಒಮ್ಮೆ ಅವನ ಗೆಳೆಯನೊಬ್ಬನನ್ನು ಕಳ್ಳರು ಹಾದಿಯಲ್ಲಿ ತಡೆದು, ಹೊಡೆದು, ಪೆಟ್ಟಿಗೆ ಕಸಿದುಕೊಂಡು ಹೋದರು. ಆ ಸುದ್ದಿ ಕೇಳಿದಂದಿನಿಂದ ವ್ಯಾಪಾರಿಗೆ ಬೆನ್ನ ಹಿಂದೆ ಸದಾ ಯಾರೋ ಬರುತ್ತಿದ್ದಾರೆ ಅನ್ನಿಸತೊಡಗಿತು. ಅರ್ಜಿ ಕೊಟ್ಟು, ಕಚೇರಿ ಕಚೇರಿ ಅಲೆದು, ಲೈಸೆನ್ಸ್ ಪಡೆದು, ಅಂಗಿಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಪಿಸ್ತೂಲೊಂದನ್ನು ಕೊಂಡ. ಪಿಸ್ತೂಲು ಬಂತು, ಭಯ ಮಾತ್ರ ಹೋಗಲಿಲ್ಲ.

ಪಿಸ್ತೂಲಿನ ಬೆನ್ನ ಮೇಲೆ ಗುರಿ ಹಿಡಿಯಲೆಂದು ಮುಂದೊಂದು ಮೊಳೆ, ಹಿಂದೊಂದು ಕಚ್ಚು ಇರುತ್ತವೆ. ಕತ್ತಲಲ್ಲಿ ಅವೆರಡೂ ಕಾಣುವುದಿಲ್ಲ. ಕಳ್ಳ ಬೆಳಕು ನೋಡಿಕೊಂಡು ಬರುತ್ತಾನೆಯೇ ಎಂದು ವ್ಯಾಪಾರಿ ತಲೆ ಕೆಡಿಸಿಕೊಂಡ. ಬಂದೂಕಿನ ಅಂಗಡಿಯ ಮುದುಕ ಅದಕ್ಕೊಂದು ದಾರಿ ಹೇಳಿದ. ಇದ್ದದ್ದನ್ನು ಕಿತ್ತು, ಕತ್ತಲಲ್ಲಿ ಹೊಳೆಯುವ ಚುಕ್ಕಿಗಳಿರುವ ನೈಟ್ ಸೈಟ್ ಹಾಕಿಸಬಹುದು. ಮುಂದೆ ಒಂದು ಚುಕ್ಕಿ, ಹಿಂದೆ ಎರಡು. ಮೂರೂ ಒಂದು ಸಾಲಿಗೆ ಬಂದರೆ ಗುರಿ ಕೂಡಿತೆಂದೇ ಅರ್ಥ.

ಸರಿ, ಹುಡುಕಾಟ ಶುರುವಾಯಿತು. ಒಂದು ಬಗೆಯದು ಬಿಸಿಲಿಗೆ ಹಿಡಿದರೆ ಬೆಳಕು ಕುಡಿದು ಸ್ವಲ್ಪ ಹೊತ್ತು ಹೊಳೆಯುವಂಥದ್ದು. ದಿನವೆಲ್ಲ ಅಂಗಿಯೊಳಗೇ ಇರುವ ಪಿಸ್ತೂಲಿಗೆ ಬಿಸಿಲೆಲ್ಲಿಂದ ತರಲಿ ಎಂದು ಅದನ್ನು ಬಿಟ್ಟ. ಇನ್ನೊಂದು ಎತ್ತರ ಜಾಸ್ತಿಯಾಗಿ, ಹೊರಗೆಳೆಯುವಾಗ ಅಂಗಿಗೆ ಸಿಕ್ಕಿಕೊಳ್ಳುತ್ತಿತ್ತು. ಮತ್ತೊಂದರಲ್ಲಿ ಮೂರು ಚುಕ್ಕಿಯೂ ಒಂದೇ ಹಸಿರು. ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಕಣ್ಣು ತಬ್ಬಿಬ್ಬಾಗುತ್ತಿತ್ತು. ಮಗಳಿಗೆ ಗಂಡು ನೋಡುವಾಗಲೂ ಆ ಮಹರಾಯ ಇಷ್ಟು ಕೊಂಕು ತೆಗೆದಿರಲಿಲ್ಲ. ಮೂರು ತಿಂಗಳು ಅಂಗಡಿಯವನ ಜೀವ ಹಿಂಡಿ, ಕೊನೆಗೆ ಮುಂದೆ ಹಸಿರು, ಹಿಂದೆ ಹಳದಿ ಚುಕ್ಕಿಗಳಿರುವ ಒಂದನ್ನು ಆರಿಸಿದ. ಗಾಜಿನ ಸಣ್ಣ ನಳಿಗೆಯೊಳಗೆ ಅದೇನೋ ಅನಿಲವಂತೆ. ಬಿಸಿಲೂ ಬೇಡ, ಸೆಲ್ಲೂ ಬೇಡ, ವರ್ಷಗಟ್ಟಲೆ ತಾನಾಗಿಯೇ ಹೊಳೆಯುತ್ತದೆ. ಅಂಗಡಿಯವನು ಅದನ್ನು ಅಳವಡಿಸಿಕೊಟ್ಟು, ಇವನನ್ನು ಸಾಗಹಾಕಿ, ಒಂದು ಲೋಟ ಚಹಾ ತರಿಸಿಕೊಂಡು ಕುಡಿದ.

ಆಮೇಲೆ ಅಭ್ಯಾಸ. ದಿನಾ ಮಧ್ಯಾಹ್ನ ಊಟವಾದ ಮೇಲೆ ವ್ಯಾಪಾರಿ ಗುಂಡುಗಳನ್ನು ತೆಗೆದಿಟ್ಟು, ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಿಕೊಳ್ಳುತ್ತಿದ್ದ. ಅಂಗಿ ಎತ್ತುವುದು, ಪಿಸ್ತೂಲು ಎಳೆಯುವುದು, ಚುಕ್ಕಿ ಕೂಡಿಸುವುದು, ಬೆರಳು ಒತ್ತುವುದು. ನೂರು ಸಲವಾಯಿತು, ಸಾವಿರ ಸಲವಾಯಿತು. ಚುಕ್ಕಿಗಳು ಕೂಡುವುದಕ್ಕೂ ಬೆರಳು ಒತ್ತುವುದಕ್ಕೂ ನಡುವೆ ಒಂದು ಉಸಿರಿಗೂ ಎಡೆಯಿಲ್ಲದಂತಾಯಿತು. ವ್ಯಾಪಾರಿಗೆ ಅದೇ ಒಂದು ಹೆಮ್ಮೆ.

ಆಯುಧಪೂಜೆ ಬಂತು. ಅವನ ಹೆಂಡತಿ ತಕ್ಕಡಿ, ಒರೆಗಲ್ಲು, ಸುತ್ತಿಗೆ, ಚಿಮಟ ಎಲ್ಲವನ್ನೂ ತಮ್ಮ ಚಿನ್ನದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಣೆಯ ಮೇಲೆ ಜೋಡಿಸಿದಳು. ಆಯುಧವೆಂದರೆ ಪಿಸ್ತೂಲೂ ಆಯುಧವೇ. ವ್ಯಾಪಾರಿ ಗುಂಡು ತೆಗೆದು ಅದನ್ನೂ ಇಟ್ಟ. ಹೆಂಡತಿ ನೋಡಿದಳು. ಅದರ ಬೆನ್ನ ಮೇಲೆ ಮೂರು ಪುಟ್ಟ ದುಂಡನೆಯ ಗುರುತುಗಳಿದ್ದವು. ಪುಣ್ಯಾತ್ಮರು, ಬೊಟ್ಟು ಇಡುವ ಜಾಗವನ್ನೂ ಗುರುತು ಹಾಕಿಯೇ ಕಳಿಸಿದ್ದಾರೆ ಎಂದುಕೊಂಡಳು. ಮೂರಕ್ಕೂ ದಪ್ಪಗೆ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟು, ಭಕ್ತಿಯಿಂದ ಕೈಮುಗಿದಳು.

ಪೂಜೆಯ ಗಂಧವನ್ನು ಕೈಯಾರೆ ಒರೆಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅದು ತಾನಾಗಿಯೇ ಉದುರಬೇಕು. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ವ್ಯಾಪಾರಿ ಅಂಗಡಿಗೆ ಬಂದು, ಮಣೆಯ ಮೇಲಿದ್ದ ಪಿಸ್ತೂಲಿಗೆ ಅವಸರದಲ್ಲಿ ಗುಂಡು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಒಣಗಿ ಗಟ್ಟಿಯಾದ ಗಂಧ ಚುಕ್ಕಿಗಳನ್ನು ಪೂರಾ ಮುಚ್ಚಿದ್ದು ಅವನ ಗಮನಕ್ಕೆ ಬರಲಿಲ್ಲ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೊರಟವನು ದಾರಿಯಲ್ಲಿ ಗೆಳೆಯರ ಮಾತಿಗೆ ಸಿಕ್ಕ. ಅರ್ಧ ಗಂಟೆ ಹರಟಿದ ಮೇಲೆ ಛತ್ರಿ ಮರೆತದ್ದು ನೆನಪಾಗಿ ಅಂಗಡಿಗೇ ತಿರುಗಿ ಬಂದ. ಬಾಗಿಲ ಬೀಗ ತೆರೆದಿತ್ತು. ಕರೆಂಟು ಹೋಗಿತ್ತು. ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ, ಹಗಲಲ್ಲೂ ಗವ್ವೆನ್ನುವ ಕತ್ತಲು. ಒಳಗೆ, ತಿಜೋರಿಯ ಪಕ್ಕದಲ್ಲಿ, ಯಾರೋ ಬಗ್ಗಿ ಏನನ್ನೋ ತಡಕಾಡುತ್ತಿದ್ದರು.

ವ್ಯಾಪಾರಿಯ ಎದೆ ಝಲ್ಲೆಂದಿತು. ತೆರೆದ ಬೀಗ, ತಿಜೋರಿ, ಬಗ್ಗಿದ ಆಸಾಮಿ. ಇನ್ನೇನು ಬೇಕು? ಕೈ ತಾನಾಗಿಯೇ ಅಂಗಿ ಎತ್ತಿತು, ಪಿಸ್ತೂಲು ಎಳೆಯಿತು, ನೇರ ಹಿಡಿಯಿತು. ಆದರೆ ಚುಕ್ಕಿಗಳಿಲ್ಲ. ಒಂದೂ ಇಲ್ಲ. ಕಣ್ಣು ಹುಡುಕಿತು, ಬೆರಳು ಕಾಯಿತು. ಚುಕ್ಕಿ ಕೂಡದೆ ಒತ್ತುವುದನ್ನು ಆ ಬೆರಳು ಕಲಿತೇ ಇರಲಿಲ್ಲ. ದಿಕ್ಕು ತೋಚದೆ ವ್ಯಾಪಾರಿ ಗಂಟಲು ಹರಿಯುವಂತೆ ಕೂಗಿದ.

"ಯಾರಾಂವಾ ಒಳಗ?"

"ನಾ ಅಣ್ಣಾ, ವಿರೂಪಾಕ್ಷಿ! ಈಗಷ್ಟ ಬಸ್ಸಿಗೆ ಬಂದೆ. ಪೂಜಿ ತಾಟು ಅಂಗಡ್ಯಾಗ ಉಳದೈತಿ, ತಗೊಂಡು ಬಾ ಅಂತ ಅತ್ತಿಗಿ ಮನ್ಯಾಗಿನ ಇನ್ನೊಂದು ಕೀಲಿ ಕೊಟ್ಟು ಕಳಿಸ್ಯಾರ. ಕತ್ತಲಾಗ ಕೈಗೆ ಸಿಗವಲ್ದು ನೋಡು."

ಒಡಹುಟ್ಟಿದ ತಮ್ಮ. ಹಬ್ಬಕ್ಕೆ ಬರಲಾಗದೆ, ಒಂದು ದಿನ ತಡವಾಗಿ, ಹೇಳದೆ ಕೇಳದೆ ಬಂದಿದ್ದ. ವ್ಯಾಪಾರಿ ಪಿಸ್ತೂಲನ್ನು ಕೆಳಗಿಳಿಸಿ, ಗುಂಡುಗಳನ್ನು ತೆಗೆದು, ಹೊಸ್ತಿಲ ಮೇಲೆ ಕುಸಿದು ಕೂತ. ತಾಟು ಹಿಡಿದು ಹೊರಬಂದ ತಮ್ಮ, ಅಣ್ಣನಿಗೆ ಬಿಸಿಲು ಹೊಡೆದಿರಬೇಕೆಂದು ನೀರು ತಂದುಕೊಟ್ಟ. ಅಣ್ಣ ನೀರು ಕುಡಿಯಲಿಲ್ಲ. ತಮ್ಮನ ತಲೆ ಮುಟ್ಟಿದ, ಭುಜ ಮುಟ್ಟಿದ, ತಬ್ಬಿಕೊಂಡು ಗೊಳೋ ಎಂದು ಅತ್ತ. ಹೋದ ಜೀವ ಬಂದಂತಾಗಿತ್ತು. ಅಷ್ಟು ಹಗುರವಾದ ಗಳಿಗೆ ಅವನ ಬದುಕಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಕರೆಂಟು ಬಂದಾಗ ಪಿಸ್ತೂಲಿನ ಮೇಲಿನ ಮೂರು ಬೊಟ್ಟು ಕಂಡವು. ಅಳುತ್ತಿದ್ದವನು ನಗತೊಡಗಿದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಮೈದುನನ ಮುಖ ನೋಡಿದಳು. ದೇವರ ಮುಂದೆ ಹೋಗಿ ದೀಪ ಹಚ್ಚಿ ಬಂದಳು. ಆಮೇಲೆ, ಅಷ್ಟು ಆರಿಸಿ ತಂದ ಸಾಮಾನನ್ನು ತಾನು ಕೆಡಿಸಿಬಿಟ್ಟೆನೇನೋ ಎಂದು ಮೆಲ್ಲಗೆ ಪೇಚಾಡಿದಳು. ವ್ಯಾಪಾರಿ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹಬ್ಬದಲ್ಲಿ ಮಿಕ್ಕ ಹೋಳಿಗೆಯನ್ನು ಅವನಿಗೆ ಸಾಕೆನ್ನುವಷ್ಟು ಬಡಿಸಿದ.

ಮಾರನೆಯ ದಿನ ಬಂದೂಕಿನ ಅಂಗಡಿಯ ಮುದುಕ ಒದ್ದೆ ಬಟ್ಟೆಯಿಂದ ಗಂಧ ಒರೆಸಿಕೊಟ್ಟ. ಚುಕ್ಕಿಗಳು ಮೊದಲಿನಂತೆಯೇ ಹೊಳೆದವು. ವ್ಯಾಪಾರಿ ಎಡಗೈಗೆಂದು ಒಂದು ಸಣ್ಣ ಟಾರ್ಚನ್ನೂ ಕೊಂಡ, ಅದನ್ನು ಆಯ್ದುಕೊಳ್ಳಲು ಅವನಿಗೆ ಎರಡು ನಿಮಿಷ ಸಾಕಾಯಿತು. ಅಂದಿನಿಂದ ಮಧ್ಯಾಹ್ನದ ಅಭ್ಯಾಸದ ರೀತಿಯೂ ಬದಲಾಯಿತು. ಮೊದಲು ಟಾರ್ಚು ಹಾಕಿ "ಯಾರಾಂವಾ?" ಎಂದು ಕೂಗಬೇಕು, ಉತ್ತರಕ್ಕೆ ಕಾಯಬೇಕು. ಮುಚ್ಚಿದ ಕೋಣೆಯಿಂದ ದಿನಾ ಆ ಕೂಗು ಬರುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ದಿನಾ ಕೂಗಿ ಹೇಳುತ್ತಿದ್ದಳು: "ನಾನ ಅದೀನ್ರೀ, ಮತ್ಯಾರು!"

ಕತೆ ಅಲ್ಲಿಗೆ ನಿಂತಿತು. ಶಿಷ್ಯ ದೀರ್ಘವಾಗಿ ಉಸಿರು ಬಿಟ್ಟು ನಕ್ಕ. "ಸದ್ಯ, ತಮ್ಮ ಉಳಿದನಲ್ಲ. ಹಾಗಾದರೆ ಆ ಚುಕ್ಕಿಗಳನ್ನು ಮೂರು ತಿಂಗಳು ಹುಡುಕಿ ಆರಿಸಿದ್ದು ತಪ್ಪಾಯಿತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಸಹಿ ಮಾಡದ ಕಾಗದವನ್ನು ಅವನ ಕೈಗೆ ಮರಳಿಸಿ ಹೇಳಿದರು:

"ಚುಕ್ಕಿಗಳದ್ದೇನೂ ತಪ್ಪಿಲ್ಲಪ್ಪ, ಅಡುಗೆಯವನನ್ನು ನೀನು ಒಂದು ಮಾತು ಕೇಳಿದೆಯಾ?"