ಕೋಗಿಲಮ್ಮನ ಗೂಡು ತರಬೇತಿ ಕೇಂದ್ರ

ಹುಟ್ಟಿದಾಗಿನಿಂದ ಕೋಗಿಲಮ್ಮ ಒಂದು ಕಡ್ಡಿ ಎತ್ತಿಟ್ಟವಳಲ್ಲ. ಆದರೆ ಗೂಡು ಕಟ್ಟುವ ಕಸುಬು ಕಲಿಸುವವರಿಗೆ ಕಾಡಿನ ಸರ್ಕಾರ ಹಣ್ಣಿನ ಗೊಂಚಲುಗಳನ್ನೇ ಅನುದಾನ ಕೊಡುತ್ತದೆಂದು ಕಿವಿಗೆ ಬಿದ್ದದ್ದೇ ತಡ, ತರಬೇತಿ ಕೇಂದ್ರ ತೆರೆದೇಬಿಟ್ಟಳು. ಹಣ್ಣು ಬಂತು, ತಿಂದಳು. ಹಿಂದೆಯೇ ತಪಾಸಣೆಗೆ ಮರಕುಟಿಗ ಸಾಹೇಬರೂ ಬಂದರು.

ಕೋಗಿಲಮ್ಮ ಹೆದರಲಿಲ್ಲ. ಕಾಗೆ ಮೇವಿಗೆ ಹೋದ ಹೊತ್ತು ನೋಡಿ ಸಾಹೇಬರನ್ನು ಅವಳ ಗೂಡಿಗೇ ಕರೆದೊಯ್ದಳು. ನಿನ್ನೆ ತಾನೇ ಅಲ್ಲಿ ಕದ್ದು ಮೊಟ್ಟೆಯಿಟ್ಟು ಬಂದಿದ್ದರಿಂದ ದಾರಿ ಚೆನ್ನಾಗಿ ಗೊತ್ತಿತ್ತು.

“ಇದು ನಮ್ಮ ಕೇಂದ್ರದ ಕೆಲಸ, ಸಾರ್.”

ಸಾಹೇಬರು ಕೊಕ್ಕಿನಿಂದ ಕುಟ್ಟಿ ನೋಡಿ ತಲೆದೂಗಿದರು. ಅಷ್ಟರಲ್ಲಿ ಕಾಗೆ ಬಂದಿಳಿದಳು.

“ಇವಳೇ ನನ್ನ ಶಿಷ್ಯೆ,” ಎಂದುಬಿಟ್ಟಳು ಕೋಗಿಲಮ್ಮ.

ಕಾಗೆ ಕತ್ತು ಓರೆಮಾಡಿ ಇಬ್ಬರನ್ನೂ ನೋಡಿದಳು. “ಹೌದು ಸಾರ್. ಕಟ್ಟುವ ಪಾಠ ಮುಗಿಯಿತು, ಕಾವು ಕೊಡುವ ಪಾಠ ಬಾಕಿ ಇದೆ. ಅದನ್ನು ಮೇಡಂ ತಾವೇ ಕೂತು ತೋರಿಸುತ್ತಾರಂತೆ.”

“ಭೇಷ್! ಮರಿ ಹೊರಬರುವ ತನಕ ನಾನೂ ಇಲ್ಲೇ ಇರುತ್ತೇನೆ,” ಎಂದು ಸಾಹೇಬರು ಎದುರಿನ ಮರಕ್ಕೆ ಅಂಟಿಕೊಂಡರು.

ಇಲ್ಲವೆಂದರೆ ಅನುದಾನ ನಿಲ್ಲುತ್ತದೆ. ಕೋಗಿಲಮ್ಮ ಮುಖ ಸಿಂಡರಿಸಿಕೊಂಡು ಗೂಡಿಗಿಳಿದಳು. ಬಿಸಿಲೇರಿತು, ಬೆನ್ನು ಸುಟ್ಟಿತು, ಕಾಲು ಜೋಮು ಹಿಡಿಯಿತು. ಮೇಲಿನ ಕೊಂಬೆಯಲ್ಲಿ, ಹೊಸ ಕಂತಿನಲ್ಲಿ ಶಿಷ್ಯೆಯ ಪಾಲೆಂದು ಸಿಕ್ಕ ಅನುದಾನದ ಹಣ್ಣು ಕುಕ್ಕುತ್ತ ಕೂತಿದ್ದ ಕಾಗೆ ಬಗ್ಗಿ ಮೆಲ್ಲನೆ ಹೇಳಿದಳು:

“ಮೇಡಂ, ಅಂಚಿನಲ್ಲಿರುವ ಆ ಚಿಕ್ಕ ಮೊಟ್ಟೆಗೂ ಸ್ವಲ್ಪ ಶಾಖ ತಾಗಲಿ. ನಿನ್ನೆ ನೀವು ಇಟ್ಟುಹೋದದ್ದು ಅದೇ.”